ಹೊತ್ತು ಮುಳುಗಿದ ಮೇಲಿನ ನಿಂಬೇವಾಡಿ

"ಸರ್, ಮತ್ತ ತಗದ ಬಿಟ್ಟಾನ್ರಿ!"

ನೀಲಮಳ ಕೂಗಿಗೆ ಕಂಪ್ಯೂಟರ್ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭರತ ಸರ್ ಚಹಾದ ಲೋಟವನ್ನು ಕಿಟಕಿಯಲ್ಲಿಟ್ಟು ಹತ್ತಿರ ಬಂದರು.

"ಯಾರವಾ? ಏನ ತಗದ?"

"ಅಂವನ ರಿ, ಮಿತಭಾಷಿ. ನಾ ಬರದಿದ್ದ ಲೈನ್ ಮೊನ್ನೆ ಡಿಲೀಟ್ ಮಾಡಿದ್ದ. ನಿನ್ನೆ ನಾ ತಿರಗಿ ಹಾಕಿದ್ನಿ. ಇವತ್ತ ನೋಡಿದ್ರ ಮತ್ತ ಇಲ್ಲ!"

"ಅಂವ ಅಂತ ನಿನಗ ಯಾರ್ ಹೇಳಿದ್ರು? ಆಕಿ ಇರಬಹುದಲ್ಲ?"

"ಯಾರರ ಇರ್ಲಿ ರಿ. ಬೆಂಗಳೂರಾಗ ಕುಂತಾವ್ರಿಗೆ ನಮ್ಮೂರಿನ ಸುದ್ದಿ ಯಾಕ ಬೇಕ್ರಿ?"

"ಬೆಂಗಳೂರು ಅಂತ ಯಾರ್ ಹೇಳಿದ್ರು?" ಎಂದು ಸರ್ ಇನ್ನೊಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಚಹಾದ ಕಡೆಗೆ ಹೊರಟುಹೋದರು.

ಅಂತರ್ಜಾಲದಲ್ಲಿ ಒಂದು ದೊಡ್ಡ ವಿಶ್ವಕೋಶವಿದೆ. ಅದನ್ನು ಯಾರು ಬೇಕಾದರೂ ಓದಬಹುದು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಬಹುದು. ಯಾರಿಗೂ ಸಂಬಳವಿಲ್ಲ. ಭರತ ಸರ್ ಏಳನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಂದೊಂದು ಜೋಡಿಗೆ ಅದರಲ್ಲಿ ಒಂದೊಂದು ಪುಟವನ್ನು ವಹಿಸಿದ್ದರು. ನೀಲಮ ಮತ್ತು ರಾಜೇಶ್ವರಿಯ ಪಾಲಿಗೆ ಬಂದದ್ದು ಅವರದೇ ಊರು, ಕೃಷ್ಣೆಯ ದಂಡೆಯ ನಿಂಬೇವಾಡಿ. ನೀಲಮ ಬರೆಯಬೇಕು, ರಾಜೇಶ್ವರಿ ತನ್ನ ಅಪ್ಪನ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಮುಂದಿನ ವಾರ ಪಾಲಕರ ಸಭೆಯಲ್ಲಿ ಆ ಪುಟವನ್ನು ಎಲ್ಲರಿಗೂ ತೋರಿಸುವುದೆಂದು ನಿಶ್ಚಯವಾಗಿತ್ತು.

ನೀಲಮ ಬಹಳ ಉತ್ಸಾಹದಿಂದ ಆರಂಭಿಸಿದ್ದಳು. ಮೊದಲ ದಿನವೇ, "ನಿಂಬೇವಾಡಿಯು ಜಗತ್ತಿನಲ್ಲಿಯೇ ಅತ್ಯಂತ ಸುಂದರವಾದ ಊರು" ಎಂದು ಬರೆದಳು. ಮರುದಿನ ಆ ಸಾಲು ಇರಲಿಲ್ಲ. ಮಿತಭಾಷಿ ಎಂಬ ಹೆಸರಿನ ಯಾರೋ ಅದನ್ನು ತೆಗೆದುಹಾಕಿ, "ಜಗತ್ತನ್ನು ಪೂರ್ತಿ ನೋಡಿ ಬಂದವರು ಯಾರು?" ಎಂದು ಪಕ್ಕದಲ್ಲಿ ಕೇಳಿದ್ದರು.

ಆಮೇಲೆ ಅವಳು "ಊರಿನ ಪ್ರಸಿದ್ಧ ವ್ಯಕ್ತಿಗಳು" ಎಂದು ಒಂದು ವಿಭಾಗ ಮಾಡಿದಳು. ಅದರಲ್ಲಿ ಒಂದೇ ಹೆಸರಿತ್ತು: "ಆಬಾಸಾಹೇಬ. ಇವರು ನಮ್ಮ ಅಜ್ಜ. ಬಸದಿಯಲ್ಲಿ ಪುರಾಣ ಓದುತ್ತಾರೆ, ಅದೂ ಕನ್ನಡಕವಿಲ್ಲದೆ." ಮಿತಭಾಷಿಯ ಉತ್ತರ ಬಂತು: "ಅಜ್ಜನವರಿಗೆ ನನ್ನ ನಮಸ್ಕಾರ. ಆಧಾರ?"

ಪುಟದ ಕೊನೆಯಲ್ಲಿ ಅವಳು "ಇಂತಿ ನಿಮ್ಮ ವಿಶ್ವಾಸಿ, ನೀಲಮ, ಏಳನೆಯ ತರಗತಿ, ಬಿ ವಿಭಾಗ" ಎಂದು ಸಹಿ ಹಾಕಿದಾಗಲೂ ಮಿತಭಾಷಿ ಹೆಚ್ಚು ಮಾತಾಡಿರಲಿಲ್ಲ. "ಇದು ಪತ್ರವಲ್ಲ" ಎಂದಷ್ಟೇ ಬರೆದಿದ್ದರು.

ಆ ಮೂರು ತಪ್ಪುಗಳಿಗೆ ನೀಲಮ ತಾನೇ ನಕ್ಕಿದ್ದಳು. ಆದರೆ ಈಗ ಮಾಯವಾದ ಸಾಲು ಹಾಗಲ್ಲ. ಅದು ಅವಳು ಹುಟ್ಟಿದಂದಿನಿಂದ ಕಣ್ಣಾರೆ ಕಂಡ ಸತ್ಯ. ಮೂರು ದಿನಗಳ ಹಿಂದೆ ಮನೆಯಲ್ಲಿ ಅವ್ವನ ಮೊಬೈಲ್ ಹಿಡಿದು, ಕುಳಿತು ಯೋಚಿಸಿ, ಚೆಂದದ ಮಾತುಗಳಲ್ಲಿ ಬರೆದಿದ್ದಳು:

"ನಿಂಬೇವಾಡಿಯ ಜನರೆಲ್ಲರೂ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾರೆ. ಕತ್ತಲಾದ ಮೇಲೆ ಈ ಊರಿನಲ್ಲಿ ಯಾರೂ ಒಲೆ ಹಚ್ಚುವುದಿಲ್ಲ."

ಮೊದಲ ಸಲ ಅದು ಮಾಯವಾದಾಗ ಅವಳು, ಬರೆಯುವವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವ ಚರ್ಚೆಯ ಪುಟದಲ್ಲಿ ಸಿಟ್ಟಿನಿಂದ, "ನಾನು ಇದೇ ಊರಿನವಳು. ನೋಡಿಯೇ ಬರೆದಿದ್ದೇನೆ. ನೀವು ನಮ್ಮ ಊರನ್ನು ನೋಡಿದ್ದೀರಾ?" ಎಂದು ಕೇಳಿ, ಸಾಲನ್ನು ಮರಳಿ ಹಾಕಿದ್ದಳು. ಅದಕ್ಕೆ ಇಂದು ಉತ್ತರ ಬಂದಿತ್ತು.

"ಇಲ್ಲ, ನೋಡಿಲ್ಲ. ನೀವು ಯಾರ ಯಾರ ಮನೆಯಲ್ಲಿ ನೋಡಿದ್ದೀರಿ?"

"ನೋಡ್ ಬೇ ರಾಜಿ, ಇದು ಕೇಳೂ ಮಾತೇನು?" ಎಂದು ನೀಲಮ ಪಕ್ಕದಲ್ಲಿದ್ದ ರಾಜೇಶ್ವರಿಯ ಕಡೆಗೆ ಪರದೆಯನ್ನು ತಿರುಗಿಸಿದಳು. "ನಮ್ಮೂರಾಗ ಯಾವಾಗ ಉಣ್ತಾರ ಅಂತ ನನಗ ಕಲಿಸಾಕ ಬಂದಾನ!"

ಪ್ರಶ್ನೆಯ ಮೇಲೆ ಉದ್ಧರಿಸಿದ್ದ ನೀಲಮಳ ಸಾಲನ್ನು ರಾಜೇಶ್ವರಿ ಓದಿದ್ದು ಅದೇ ಮೊದಲು. ಓದಿದವಳು ಇನ್ನೊಮ್ಮೆ ಓದಿದಳು.

"ನೀಲಿ, ನಮ್ಮ ಮನ್ಯಾಗ ಎಂಟರ ಮ್ಯಾಲ ಉಣ್ತೀವಲ್ಲ?"

"ಎಂಟರ ಮ್ಯಾಲ? ದಿನಾನೂ?"

"ದಿನಾನೂ. ನಮ್ಮವ್ವ ಒಲಿ ಹಚ್ಚೂದ ಕತ್ತಲಾದ ಮ್ಯಾಲ."

ನೀಲಮಳಿಗೆ ತನ್ನ ಚೆಂದದ ಸಾಲು ಕಣ್ಣೆದುರೇ ಒಡೆದುಹೋದಂತಾಯಿತು. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಬಾಯಿಗೆ ಬಂದುದನ್ನು ಹೇಳಿಬಿಟ್ಟಳು.

"ನೀವು ತ್ವಾಟದಾಗ ಇರ್ತೀರಿ, ಬೇ. ಅದು ಊರ ಲೆಕ್ಕದಾಗ ಬರಂಗಿಲ್ಲ."

ರಾಜೇಶ್ವರಿ, ಫೋಟೋ ಹಾಕಲೆಂದು ಸರ್ ಅವರ ಅನುಮತಿ ಪಡೆದು ತಂದಿದ್ದ ಅಪ್ಪನ ಮೊಬೈಲನ್ನು ಮೇಜಿನಿಂದ ಎತ್ತಿಕೊಂಡು ಚೀಲದೊಳಗಿಟ್ಟಳು. ಜಿಪ್ಪನ್ನು ಪೂರ್ತಿ ಎಳೆದಳು.

"ಅಲ್ಲ, ಫೋಟೋ?" ಎಂದಳು ನೀಲಮ.

"ಎಲ್ಲಾ ಫೋಟೋ ತ್ವಾಟದೂವ ಅದಾವು. ಕಬ್ಬು, ಬಾವಿ, ಹೊಳಿ ದಂಡಿ. ನಿಮ್ಮೂರಿಗೆ ಅವು ಯಾಕ ಬೇಕು?" ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಸಭಾಕ್ಕ ನಮ್ಮವ್ವ ಬರಾಕಿ ಅದಾಳ. ಯಾರೂ ಒಲಿ ಹಚ್ಚಂಗಿಲ್ಲ ಅಂತ ಆಕಿ ಮುಂದ ನೀನ ಓದಿ ಹೇಳ್."

ಅಂದು ಸಂಜೆ ನೀಲಮಳ ಮನೆಯಲ್ಲಿ ಎಂದಿನಂತೆ ಹೊತ್ತು ಮುಳುಗುವ ಮೊದಲೇ ತಟ್ಟೆಗಳು ಬಂದವು. ಅವಳ ಮನೆಯಿದ್ದದ್ದು ಬಸ್ತಿ ಗಲ್ಲಿಯಲ್ಲಿ. ಬಸದಿಯ ಸುತ್ತಲೂ ಜೈನರ ಮನೆಗಳು. ಕಳೆದ ಮಳೆಗಾಲದಲ್ಲಿ ಊರಿಗೆ ಬಂದಿದ್ದ ಮುನಿಗಳ ಸನ್ನಿಧಿಯಲ್ಲಿ ನೀಲಮ ತಾನಾಗಿಯೇ ಕೈಮುಗಿದು ನಿಂತು, ರಾತ್ರಿ ಉಣ್ಣುವುದಿಲ್ಲವೆಂಬ ವ್ರತ ಹಿಡಿದಿದ್ದಳು. ಕಣ್ಣಿಗೆ ಕಾಣದ ಸಣ್ಣ ಜೀವಕ್ಕೂ ತನ್ನ ತುತ್ತಿನಿಂದ ನೋವಾಗಬಾರದು ಎಂಬ ಆ ನಿಯಮದ ಬಗ್ಗೆ ಅವಳಿಗೆ ಅಭಿಮಾನವಿತ್ತು. ಅದನ್ನು ಒಂದು ದಿನವೂ ಮುರಿದಿರಲಿಲ್ಲ.

ಆದರೆ ಇಂದು ಅವಳು ಚಪಾತಿಯನ್ನು ತಿನ್ನದೆ ಚೂರು ಚೂರು ಮಾಡುತ್ತಲೇ ಇದ್ದಳು.

"ಯಾಕ ನೀಲವ್ವಾ, ಚಪಾತಿ ಸಂಗಟ ಜಗಳ ನಡಸೀಯೇನು?" ಎಂದರು ಅಜ್ಜ.

ನೀಲಮ ಎಲ್ಲವನ್ನೂ ಹೇಳಿದಳು. ಮಿತಭಾಷಿಯ ಪ್ರಶ್ನೆಯನ್ನೂ ಹೇಳಿದಳು. ತೋಟ ಊರಿನ ಲೆಕ್ಕಕ್ಕೆ ಬರುವುದಿಲ್ಲವೆಂದು ತಾನು ಹೇಳಿದ ಮಾತನ್ನು ಮಾತ್ರ ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದಳು.

ಅಜ್ಜ ಸಿಟ್ಟಾಗಲಿಲ್ಲ. ಕೈ ತೊಳೆದು ಬಂದು, ಗೋಡೆಗೆ ಒರಗಿ ಕುಳಿತರು.

"ಪ್ರಶ್ನಿ ಚೊಲೊ ಐತಿ. ಹೇಳು ನೋಡೂಣ. ಹೊತ್ತ ಮುಳುಗೋದ್ರಾಗ ಉಣ್ಣೂದು ಯಾರ ಯಾರ ಮನ್ಯಾಗ ನೋಡೀದಿ?"

"ನಮ್ಮ ಮನ್ಯಾಗ. ಮಗದುಮ್ಮರ ಮನ್ಯಾಗ. ಚೌಗುಲೆ ಕಾಕಾರ ಮನ್ಯಾಗ. ಉಪಾಧ್ಯೆ ಅಜ್ಜಾರ ಮನ್ಯಾಗ..." ನೀಲಮ ಬೆರಳು ಮಡಚುತ್ತ ಹೋದಳು. "ಪಾರಿಸಣ್ಣನ ಮನ್ಯಾಗ."

"ಪಾರಿಸನ ಮನಿ ಎಲ್ಲಿ?"

"ಇಲ್ಲೇ. ಬಸ್ತಿ ಹಿಂದ."

"ಮುಂದ?"

ಬೆರಳು ಮುಂದಕ್ಕೆ ಮಡಚಲಿಲ್ಲ.

"ರಾಜಿ ಮನಿಗೆ ಎಷ್ಟೋ ಸಲ ಹೋಗೀನಿ ಅಜ್ಜಾ," ಎಂದು ಅವಳು ಅವಸರದಿಂದ ಸೇರಿಸಿದಳು.

"ಹೋಗೀದಿ. ಬರೂದು ಯಾವಾಗ?"

"ಹೊತ್ತ ಮುಳುಗೋದ್ರಾಗ. ಊಟಕ್ಕ..." ಎಂದವಳ ಮಾತು ಅಲ್ಲಿಯೇ ನಿಂತಿತು.

ಅಜ್ಜನ ಬಿಳಿ ಮೀಸೆಯ ತುದಿ ಮೆಲ್ಲಗೆ ಅಲುಗಿತು. ನಗು ತಡೆಯುವಾಗ ಅದು ಹಾಗೆಯೇ ಅಲುಗುತ್ತಿತ್ತು.

"ಭಾರಿ ಶಾಣ್ಯಾಕಿ ನನ್ನ ಮೊಮ್ಮಗಳು. ಕತ್ತಲಾದ ಮ್ಯಾಲ ಹೊಸ್ತಿಲಾ ದಾಟದಾಕಿ, ಕತ್ತಲಾದ ಮ್ಯಾಲ ಊರು ಏನ್ ಮಾಡತೈತಿ ಅಂತ ಜಗತ್ತಿಗೆ ಬರದ ಹೇಳ್ಯಾಳ!"

ಒಳಗಿನಿಂದ ಅವ್ವನ ನಗು ಕೇಳಿಸಿತು. ನೀಲಮಳ ಕಿವಿ ಬಿಸಿಯಾಯಿತು.

ಮರುದಿನ ಶಾಲೆಯಲ್ಲಿ ರಾಜೇಶ್ವರಿ ಕಿಟಕಿಯ ಕಡೆಯ ಬೆಂಚಿಗೆ ಹೋಗಿ ಕುಳಿತಿದ್ದಳು. ನೀಲಮ ಊಟದ ಬಿಡುವಿನಲ್ಲಿ ಅವಳ ಬಳಿಗೆ ಹೋಗಿ ನಿಂತಳು.

"ರಾಜಿ."

"ಏನ್ರೀ ಊರಾವ್ರ? ಯಾಕ ಬಂದ್ರಿ?"

ಅಕ್ಕಪಕ್ಕದ ಹುಡುಗಿಯರು ಕಿಸಕ್ಕನೆ ನಕ್ಕರು. ರಾಜೇಶ್ವರಿ ತನ್ನನ್ನು ಹೀಗೆ ಬಹುವಚನದಲ್ಲಿ ಮಾತಾಡಿಸುತ್ತಾಳೆಂದು ನೀಲಮ ಎಂದೂ ಎಣಿಸಿರಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಇವತ್ತ ಸಂಜೀಕ ನಿಮ್ಮ ಮನಿಗೆ ಬರಲೇನು?"

"ಸಂಜೀಕ? ನಿಮಗ ಹೊತ್ತ ಮುಳುಗೋದ್ರಾಗ ಮನಿ ಮುಟ್ಟಬೇಕಲ್ರಿ?"

"ಉಂಡ ಬರ್ತೀನಿ. ಕತ್ತಲಾದ ಮ್ಯಾಲನೂ ಇರ್ತೀನಿ."

ರಾಜೇಶ್ವರಿ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. "ಬಂದ್ರ ಬರ್ರಿ. ತ್ವಾಟದ ಮನಿಗೆ ಬಾಗಿಲಾ ಹಾಕಿರಂಗಿಲ್ಲ," ಎಂದು ಮುಖ ತಿರುಗಿಸಿದಳು.

ಬಸ್ತಿ ಗಲ್ಲಿಯ ಮನೆಗಳಿಗೆ ಸಂಜೆಯ ಹಾಲು ತರುತ್ತಿದ್ದವನು ರಾಜೇಶ್ವರಿಯ ಅಪ್ಪ ಸಿದ್ದಲಿಂಗನೇ. ಅವನ ಬೈಕಿನ ಎರಡೂ ಕಡೆಗೆ ಹಾಲಿನ ಕ್ಯಾನುಗಳು ತೂಗುತ್ತಿದ್ದವು. ಅಂದು ಅವನು ಬರುವ ಹೊತ್ತಿಗೆ ನೀಲಮ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಕಟ್ಟೆಯ ಮೇಲೆ ಸಿದ್ಧಳಾಗಿ ನಿಂತಿದ್ದಳು.

"ಕಾಕಾ, ನಾನೂ ನಿಮ್ಮ ಮನಿಗೆ ಬರ್ತೀನ್ರಿ."

"ಈಗ? ಹೊತ್ತ ಮುಳಗಾಕ ಬಂತಲ್ಲವಾ?"

"ಉಂಡೀನ್ರಿ."

ಬಾಗಿಲಲ್ಲಿ ನಿಂತ ಅವ್ವನ ಮುಖದಲ್ಲಿ ಚಿಂತೆಯಿತ್ತು. ಸಿದ್ದಲಿಂಗ ಹಾಲನ್ನು ಅಳೆದು ಪಾತ್ರೆಗೆ ಸುರಿಯುತ್ತ, "ಕಾಳಜಿ ಮಾಡಬ್ಯಾಡ್ರಿ ಅಕ್ಕಾರ. ಉಂಡ ಮ್ಯಾಲ ನಾನ ತಂದ ಬಿಡ್ತೀನಿ," ಎಂದ. ಅಜ್ಜ ಒಳಗಿನಿಂದಲೇ, "ಹೋಗಿ ಬರ್ಲಿ ಬಿಡು. ಆಕಿದು ಸಂಶೋಧನಾ ನಡದೈತಿ," ಎಂದರು.

ತೋಟದ ಮನೆ ಊರಿನಿಂದ ದಿಗ್ಗೇವಾಡಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಎರಡೂ ಕಡೆಗೆ ಆಳೆತ್ತರದ ಕಬ್ಬು. ಅವರು ತಲುಪಿದಾಗ ಸೂರ್ಯನು ಹೊಳೆಯ ಆಚೆಗೆ ಇಳಿದಿದ್ದ. ಅಂಗಳದಲ್ಲಿ ರಾಜೇಶ್ವರಿ ಹಗ್ಗದ ಹೊರಸಿನ ಮೇಲೆ ಕುಳಿತು ಗಣಿತ ಮಾಡುತ್ತಿದ್ದಳು. ತಲೆಯೆತ್ತಿ ನೋಡಿ, "ಬರ್ರಿ ಊರಾವ್ರ," ಎಂದು ಮತ್ತೆ ತಲೆ ಬಗ್ಗಿಸಿದಳು.

"ಯಾರಿಗೆ ಹಂಗ ಅಂತೀಯೇ?" ಎಂದು ಎಮ್ಮೆಗೆ ಮೇವು ಹಾಕುತ್ತಿದ್ದ ಅವಳ ಅವ್ವ ಗಿರಿಜವ್ವ ಗದರಿದಳು. "ಬಾರವಾ ನೀಲವ್ವಾ, ಕುಂಡ್ರು."

ನೀಲಮ ಹೊರಸಿನ ಇನ್ನೊಂದು ತುದಿಗೆ ಕುಳಿತಳು. ಇಬ್ಬರ ನಡುವೆ ಗಣಿತದ ಪುಸ್ತಕವಿತ್ತು.

ಸಿದ್ದಲಿಂಗ ಕ್ಯಾನುಗಳನ್ನಿಳಿಸಿ, ಬ್ಯಾಟರಿ ಹಿಡಿದು, ಸಲಿಕೆಯನ್ನು ಹೆಗಲಿಗೇರಿಸಿ ಕಬ್ಬಿನೊಳಗೆ ನಡೆದ. ಪಂಪಿಗೆ ಬೇಕಾದ ತ್ರೀಫೇಜ್ ಕರೆಂಟ್ ಈ ವಾರ ಸಂಜೆ ಮಾತ್ರ ಬರುತ್ತಿತ್ತು. ಅದು ಇರುವಷ್ಟರಲ್ಲಿ ಕಬ್ಬಿನ ಸಾಲುಗಳಿಗೆಲ್ಲ ನೀರು ತಿರುಗಿಸಬೇಕು.

ಕತ್ತಲಾಯಿತು. ಬಸ್ತಿ ಗಲ್ಲಿಯಲ್ಲಾಗಿದ್ದರೆ ಈ ಹೊತ್ತಿಗೆ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿರುತ್ತಿದ್ದರು. ಇಲ್ಲಿ ಒಲೆ ಇನ್ನೂ ತಣ್ಣಗಿತ್ತು. ಗಿರಿಜವ್ವ ಆಗಾಗ ಕಬ್ಬಿನ ಕಡೆಗೆ ನೋಡುತ್ತಿದ್ದಳು.

"ಯಾರ ದಾರಿ ನೋಡಾಕತ್ತೀರಿ ಕಾಕೂ?" ಎಂದು ನೀಲಮ ಕೇಳಿದಳು.

"ನಿಮ್ಮ ಕಾಕಾರ ಬ್ಯಾಟರಿ ದಾರಿ. ನೀರು ಕಡೀ ಸಾಲಿಗೆ ಮುಟ್ಟಿದ ಕೂಡಲೇ ಅಲ್ಲಿಂದ ಬ್ಯಾಟರಿ ತೋರಸ್ತಾರ. ಆಗ ನಾ ಹಿಟ್ಟು ನಾದತೀನಿ. ಅವರು ಕಾಲು ತೊಳಕೊಂಡ ಬರೋದ್ರಾಗ ರೊಟ್ಟಿ ಬಿಸಿ ಇರತಾವು."

"ಮೊಬೈಲ್‌ಗೆ ಫೋನ್ ಮಾಡಬಹುದಲ್ರಿ?"

"ಕೆಸರ ಕೈಲೆ ಮೊಬೈಲ್ ಹೆಂಗ ಹಿಡಿತಾರವಾ? ಒಮ್ಮೆ ಹಿಡದಿದ್ರು. ಅದು ಕಾಲಿವ್ಯಾಗ ಬಿದ್ದ ಸ್ನಾನಾ ಮಾಡಿ ಬಂತು."

ರಾಜೇಶ್ವರಿಗೆ ನಗು ಬಂತು. ನಗು ಬಂದದ್ದು ಕಾಣಬಾರದೆಂದು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಪುಸ್ತಕ ತಲೆಕೆಳಗಾಗಿತ್ತು.

ಕಪ್ಪಗೆ ನಿಂತಿದ್ದ ಕಬ್ಬಿನ ಮೇಲೆ ಇದ್ದಕ್ಕಿದ್ದಂತೆ ಬೆಳಕು ಆಡಿತು. ಆರಿತು. ಮತ್ತೆ ಆಡಿತು.

"ಬಂತ ನೋಡ್ ಸಿಗ್ನಲ್," ಎಂದು ಗಿರಿಜವ್ವ ಎದ್ದಳು. ಒಲೆಗೆ ಕಟ್ಟಿಗೆಯಿಟ್ಟು ಕಡ್ಡಿ ಗೀರಿದಳು. ಜ್ವಾಲೆ ಎದ್ದು ಅವಳ ಮುಖವೂ, ಗೋಡೆಯೂ, ಗೋದಲಿಯ ಎಮ್ಮೆಯ ಕಣ್ಣೂ ಒಮ್ಮೆಲೇ ಹೊಳೆದವು. ನೀಲಮ ಹೊರಸಿನಿಂದಿಳಿದು ಒಲೆಯ ಹತ್ತಿರಕ್ಕೆ ಬಂದು ಕುಳಿತಳು.

ಹಿಟ್ಟು ನಾದುತ್ತ ಗಿರಿಜವ್ವ ಹೇಳಿದಳು: "ನಿನಗ ಉಣ್ಣು ಅನ್ನಂಗಿಲ್ಲವಾ, ಬ್ಯಾಸರಾ ಮಾಡ್ಕೋಬ್ಯಾಡ. ನಿಮ್ಮದು ರಾತ್ರಿ ಉಣ್ಣಬಾರದು ಅನ್ನೂ ಕಟ್ಟು ಇರತೈತಿ."

"ನಿಮಗ ಹೆಂಗ ಗೊತ್ತ್ರಿ?"

"ಅಯ್ಯ, ಗೊತ್ತಿಲ್ಲದ ಏನು? ನಿಮ್ಮ ಗಲ್ಲಿಗೆ ಹಾಲು ಹೊತ್ತ ಮುಳುಗೋದ್ರಾಗ ಮುಟ್ಟಬೇಕು. ನೀವು ಕಾಸಿ ಕುಡೀಬೇಕಲ್ಲ? ಅದಕ್ಕ ನಮ್ಮ ಎಮ್ಮಿ ನಾವು ಲಗೂನ ಹಿಂಡತೀವಿ. ಬಾಜು ತ್ವಾಟದಾವ್ರೆಲ್ಲಾ ಕತ್ತಲಾದ ಮ್ಯಾಲ ಡೇರಿಗೆ ಹಾಕ್ತಾರ." ಗಿರಿಜವ್ವ ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. "ನಾ ಹೊಸದಾಗಿ ಮದಿವ್ಯಾಗಿ ಬಂದಾಗ ಒಂದಿನಾ ಭಾಳ ತಡಾ ಮಾಡಿದ್ನಿ. ನಮ್ಮತ್ತಿ ಬೈದ್ರು ನೋಡ್! 'ಬಸ್ತಿ ಗಲ್ಲ್ಯಾಗಿನ ಕೂಸುಗಳು ಇವತ್ತ ಹಾಲಿಲ್ಲದ ಮಲಗತಾವು' ಅಂತ. ಅವತ್ತಿನಿಂದ ತಡಾ ಮಾಡಿಲ್ಲ."

ನೀಲಮ ಹಂಚಿನ ಮೇಲಿನ ರೊಟ್ಟಿಯನ್ನೇ ನೋಡಿದಳು.

ಹಾಲು ದಿನವೂ ಬಾಗಿಲಿಗೆ ಬರುತ್ತಿತ್ತು. ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಬರುತ್ತಿತ್ತು. ಅದು ಅಷ್ಟು ಬೇಗ ಏಕೆ ಬರುತ್ತದೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಈ ಮನೆಯವರಿಗೆ ತನ್ನ ಗಲ್ಲಿಯ ಊಟದ ಹೊತ್ತು ಗೊತ್ತಿತ್ತು. ಅದಕ್ಕೆ ಹೊಂದುವಂತೆ ಎಮ್ಮೆಯ ಹೊತ್ತನ್ನೂ ಹೊಂದಿಸಿಕೊಂಡಿದ್ದರು. ಅವಳು ಮಾತ್ರ ಇವರು ರಾತ್ರಿ ಉಣ್ಣುವುದೇ ಇಲ್ಲವೆಂದು ಬರೆದಿದ್ದಳು.

"ಕಣ್ಣಾಗ ಏನ್ ಬಂತ್ರಿ?" ಎಂದು ರಾಜೇಶ್ವರಿ ಹಿಂದಿನಿಂದ ಕೇಳಿದಳು. ಅವಳು ಯಾವಾಗ ಎದ್ದು ಬಂದಳೋ ತಿಳಿಯದು.

"ಹೊಗಿ," ಎಂದಳು ನೀಲಮ.

"ಹೊಗಿ ಆ ಕಡೆ ಹೊಂಟೈತ್ರಿ."

ನೀಲಮ ಮೂಗನ್ನು ಒರೆಸಿಕೊಂಡಳು. "ಆ ಲೆಕ್ಕ ತಪ್ಪಿತ್ತು, ರಾಜಿ."

ರಾಜೇಶ್ವರಿ ಮೂಲೆಯಲ್ಲಿದ್ದ ರೊಟ್ಟಿಯ ಬುಟ್ಟಿಯನ್ನು ತಂದು ನೀಲಮಳ ತೊಡೆಯ ಮೇಲಿಟ್ಟಳು. "ಸುಮ್ಮನ ಕುಂತ್ರ ಹೆಂಗ ಬೇ? ರೊಟ್ಟಿ ನೀಡು."

"ರಿ" ಹೋಗಿ "ಬೇ" ಬಂದದ್ದನ್ನು ಕೇಳಿ ನೀಲಮಳ ಎದೆಯ ಮೇಲಿನ ಕಲ್ಲು ಇಳಿಯಿತು.

ಸಿದ್ದಲಿಂಗ ಕಾಲು ತೊಳೆದು ಬಂದು ಕುಳಿತ. ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ. ನೀಲಮ ಓಡಾಡಿ ಬಡಿಸಿದಳು. ಝುಣಕದ ಒಗ್ಗರಣೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿತು. ಅವಳು ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.

"ವಾಸನಿ ತಗೊಂಡ್ರ ಕಟ್ಟು ಮುರಿತೈತೇನ್ ಬೇ?" ಎಂದು ರಾಜೇಶ್ವರಿ ಬೇಕೆಂದೇ ದೊಡ್ಡ ತುತ್ತು ಮಾಡಿ ಕೇಳಿದಳು.

"ಅದನ್ನ ಅಜ್ಜನ್ನ ಕೇಳಬೇಕು."

"ಕೇಳೂ ತನಕ ಮೂಗು ಹಿಡ್ಕೊ."

"ಪಾಪ, ಕಾಡಬ್ಯಾಡ ಆಕಿನ್ನ," ಎಂದ ಸಿದ್ದಲಿಂಗ. ಆದರೆ ಅವನೂ ನಗುತ್ತಲೇ ಇದ್ದ.

ಊಟವಾದ ಮೇಲೆ ರಾಜೇಶ್ವರಿ ಅಪ್ಪನ ಮೊಬೈಲ್ ತಂದಳು. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಹೊರಸಿನ ಮೇಲೆ ನಿಂತರೆ ಮಾತ್ರ. ಇಬ್ಬರೂ ಹೊರಸಿನ ಮೇಲೆ ಹತ್ತಿ ನಿಂತರು. ನೀಲಮ ಚರ್ಚೆಯ ಪುಟವನ್ನು ತೆರೆದಳು. ಮಿತಭಾಷಿಯ ಪ್ರಶ್ನೆ ಹಾಗೆಯೇ ಇತ್ತು. ಅವಳು ಒಂದೊಂದೇ ಅಕ್ಷರವನ್ನು ಒತ್ತಿ ಬರೆದಳು:

"ನಾನು ನೋಡಿದ್ದು ನಮ್ಮ ಬಸ್ತಿ ಗಲ್ಲಿಯ ಮನೆಗಳನ್ನು ಮಾತ್ರ. ಉಳಿದವರ ರಾತ್ರಿಯ ಊಟವನ್ನು ಈವರೆಗೆ ನೋಡಿರಲಿಲ್ಲ. ಆ ಸಾಲನ್ನು ಮತ್ತೆ ಹಾಕುವುದಿಲ್ಲ."

ರಾಜೇಶ್ವರಿ ಹೆಗಲ ಮೇಲಿನಿಂದ ಇಣುಕಿ ಓದಿದಳು. "ಇವತ್ತ ನೋಡೀದಿ. ಅದನ್ನೂ ಬರಿ."

ನೀಲಮ ಸೇರಿಸಿದಳು: "ಇವತ್ತು ನೋಡಿದೆ."

ಉತ್ತರ ಕೂಡಲೇ ಬಂತು. "ತಿಳಿಸಿದ್ದಕ್ಕೆ ಸಂತೋಷ. ನನಗೂ ಈಗ ಊಟಕ್ಕೆ ಕರೆಯುತ್ತಿದ್ದಾರೆ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮರುಕ್ಷಣವೇ ಹೊರಸು ಕಿರುಗುಟ್ಟುವಂತೆ ನಕ್ಕರು.

"ನೋಡ್ ಬೇ, ಅಂವನೂ ಕತ್ತಲಾದ ಮ್ಯಾಲ ಉಣ್ಣಾವ!"

"ಅಂವನೋ, ಆಕಿಯೋ," ಎಂದಳು ನೀಲಮ.

"ತಗೋ," ಎಂದು ರಾಜೇಶ್ವರಿ ಫೋಟೋಗಳನ್ನು ತೆರೆದು ತೋರಿಸಿದಳು. ಕಬ್ಬು, ಬಾವಿ, ಹೊಳೆಯ ದಂಡೆ. ಎಲ್ಲದರ ಕೊನೆಗೆ, ಸ್ವಲ್ಪ ಹೊತ್ತಿನ ಹಿಂದೆ ನೀಲಮಳಿಗೆ ಗೊತ್ತಾಗದಂತೆ ತೆಗೆದ ಇನ್ನೊಂದು ಫೋಟೋ ಇತ್ತು. ಅದರಲ್ಲಿ ಒಲೆ ಉರಿಯುತ್ತಿತ್ತು. ಗಿರಿಜವ್ವ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದಲ್ಲಿ ಯಾರೋ ಒಬ್ಬಳು ಮೂಗು ಕೆಂಪಗೆ ಮಾಡಿಕೊಂಡು ಕುಳಿತಿದ್ದಳು.

"ಯವ್ವಾ! ನನ್ನ ಮಾರಿ ಕಟ್ ಮಾಡು!"

"ಕಟ್ ಮಾಡಿದ್ರ ನೀ ನೋಡೀದಿ ಅನ್ನೂದಕ್ಕ ಆಧಾರ?"

ಬಹಳ ವಾದವಾದ ಮೇಲೆ ಗಿರಿಜವ್ವನನ್ನು ಕೇಳಿ, ಅವಳೂ ಒಲೆಯೂ ಮಾತ್ರ ಉಳಿಯುವಂತೆ ಫೋಟೋವನ್ನು ಕತ್ತರಿಸಿದರು. ಕೆಳಗೆ ಏನು ಬರೆಯಬೇಕೆಂದು ನೀಲಮ ಯೋಚಿಸಿದಳು. "ನಿಂಬೇವಾಡಿಯ ಒಂದು ಮನೆಯಲ್ಲಿ ರಾತ್ರಿಯ ಅಡುಗೆ" ಎಂದು ಬರೆದಳು. ಓದಿ ನೋಡಿದಳು. "ಒಂದು ಮನೆ" ಎಂಬಲ್ಲಿ ಅವಳ ಬೆರಳ ತುದಿ ಸ್ವಲ್ಪ ಹೊತ್ತು ನಿಂತಿತು.

ಸಿದ್ದಲಿಂಗ ಬೈಕ್ ಹೊರತೆಗೆದಾಗ ರಾಜೇಶ್ವರಿಯೂ ಹಿಂದೆ ಏರಿ ಕುಳಿತಳು. "ಆಕಿನ್ನ ಬಿಟ್ಟ ಬರಾಕ ನಾನೂ ಬರ್ತೀನಿ."

ನೀಲಮ ಈ ದಾರಿಯನ್ನು ಕತ್ತಲಲ್ಲಿ ಕಂಡಿರಲಿಲ್ಲ. ಹಗಲಿನಲ್ಲಿ ಇಲ್ಲಿ ಕಬ್ಬಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಈಗ ಆ ಕಬ್ಬಿನ ನಡುನಡುವೆ ಬೆಳಕುಗಳು ಕಾಣಿಸಿದವು. ಅಲ್ಲೊಂದು, ಇನ್ನೂ ದೂರದಲ್ಲಿ ಮತ್ತೊಂದು.

"ಅದು ಯಾರ ಮನಿ?"

"ಭೀಮಸಿ ಕಾಕಾಂದು."

"ಅದು?"

"ತುಕಾರಾಮ ಮಾಮಾಂದು. ಅವರದು ಇನ್ನೂ ಊಟಾ ಆಗಿರಂಗಿಲ್ಲ. ಅವರ ಕಬ್ಬು ಭಾಳ."

"ಆ ಕಡೇದು?"

"ಆ ಕಡೇದು ನನಗೂ ಗೊತ್ತಿಲ್ಲ ಬೇ," ಎಂದಳು ರಾಜೇಶ್ವರಿ. ಸಿದ್ದಲಿಂಗನಿಗೆ ಗೊತ್ತಿತ್ತು, ಅವನು ಹೇಳಿದ. ನೀಲಮ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು.

ಬೈಕು ಬಸ್ತಿ ಗಲ್ಲಿಯ ತಿರುವಿಗೆ ಬಂತು. ಗಲ್ಲಿ ನಿಶ್ಶಬ್ದವಾಗಿತ್ತು. ಅಡುಗೆಮನೆಗಳ ದೀಪಗಳೆಲ್ಲ ಆರಿದ್ದವು. ಬಸದಿಯ ಒಳಗಿನಿಂದ ಯಾರೋ ಸ್ತೋತ್ರವನ್ನು ಹೇಳಿಕೊಳ್ಳುತ್ತಿರುವ ಸಣ್ಣ ದನಿ ಬರುತ್ತಿತ್ತು. ಕೊನೆಯ ಮನೆಯ ಕಟ್ಟೆಯ ಮೇಲೆ ಇಬ್ಬರು ಮುದುಕಿಯರು ಕುಳಿತಿದ್ದರು.

ರಾಜೇಶ್ವರಿ ಇಳಿದು ಬೆರಗಿನಿಂದ ಸುತ್ತಲೂ ನೋಡಿದಳು. ಅವಳೂ ಈ ಗಲ್ಲಿಯನ್ನು ಈ ಹೊತ್ತಿನಲ್ಲಿ ಕಂಡಿರಲಿಲ್ಲ.

"ನೀಲಿ, ನೀವೆಲ್ಲಾರೂ ಇಷ್ಟ ಲಗೂ ಮಲಗಿ ಬಿಡ್ತೀರೇನು?" ಎಂದು ಪಿಸುಗುಟ್ಟಿದಳು.

ನೀಲಮ ಹೌದೆನ್ನಲು ಬಾಯಿ ತೆರೆದಳು. ಅವಳ ಮನೆಯಲ್ಲಿ ಹೌದು. ಚೌಗುಲೆಯವರ ಮನೆಯಲ್ಲಿ? ಉಪಾಧ್ಯೆ ಅಜ್ಜನ ಮನೆಯಲ್ಲಿ? ಅವಳು ಬಾಯಿ ಮುಚ್ಚಿದಳು.

"ಗೊತ್ತಿಲ್ಲ ಬೇ," ಎಂದು ರಾಜೇಶ್ವರಿಯ ಕೈ ಹಿಡಿದಳು. "ಬಾ, ಆ ಅಜ್ಜಿಯಾರನ್ನ ಕೇಳೂಣ."